ಬಲಗಡೆಯ ಎಂಟು ಕಲ್ಲು

ಮರಳಿನ ಒಂದೊಂದು ಕಣದ ಹೊಟ್ಟೆಯಲ್ಲೂ ಒಂದು ಗಡಿಯಾರವಿದೆ ಎಂದು ರಮಿಜಾಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಟ್ಟಿದ್ದರು. ಬಿಸಿಲು ತಾಗಿದೊಡನೆ ಆ ಗಡಿಯಾರ ಸೊನ್ನೆಗೆ ಬರುತ್ತದೆ. ಮೇಲೆ ಇನ್ನೊಂದು ಪದರ ಮರಳು ಬಿದ್ದು ಕಣಕ್ಕೆ ಕತ್ತಲಾಯಿತೋ, ಮತ್ತೆ ಎಣಿಸಲು ಶುರುಮಾಡುತ್ತದೆ. ಹಿಂದೆಲ್ಲ ವಿಜ್ಞಾನಿಗಳು ಕೊಳವೆಯಲ್ಲಿ ಮರಳು ತುಂಬಿ, ಬೆಳಕು ತಾಗದಂತೆ ಕತ್ತಲೆ ಕೋಣೆಗೆ ಒಯ್ದು ಅದರ ವಯಸ್ಸು ತಿಳಿಯುತ್ತಿದ್ದರಂತೆ. ಅದೂ ಇಷ್ಟು ನೂರು ವರ್ಷ ಎಂಬ ಅಂದಾಜು. ಈಗ ಹಾಗಲ್ಲ. ನಲವತ್ತು ಪುಟ್ಟ ಉಪಗ್ರಹಗಳು ಸಾಲಾಗಿ ಸಾಗುತ್ತ, ಒಂದು ಕಿರಣವನ್ನು ಮರಳಿನೊಳಕ್ಕೆ ಇಳಿಬಿಟ್ಟು, ಯಾವ ಕಣ ಯಾವ ದಿನ ಕೊನೆಯದಾಗಿ ಬಿಸಿಲು ಕಂಡಿತು ಎಂದು ಪದರ ಪದರವಾಗಿ ಓದಿಬಿಡುತ್ತವೆ. ಓದಿದ್ದನ್ನು ಜೋಡಿಸಿದರೆ, ಇವತ್ತು ಇಲ್ಲಿರುವ ಮರಳದಿಬ್ಬ ಹತ್ತು ವರ್ಷದ ಹಿಂದಿನ ಒಂದು ಮಂಗಳವಾರ ಎಲ್ಲಿತ್ತು, ಎಷ್ಟು ಎತ್ತರವಿತ್ತು ಎಂಬುದು ಗೊತ್ತಾಗುತ್ತದೆ.

ಇಷ್ಟು ದೊಡ್ಡ ವಿದ್ಯೆ ರಮಿಜಾಳ ಊರಿಗೆ ಬಂದದ್ದು ಆಟದ ರೂಪದಲ್ಲಿ. ಮನೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸದವರು ಜಗತ್ತಿನ ತುಂಬ ಇದ್ದಾರೆ. ಅವರ ಫ್ಲೈಟ್ ಸಿಮ್ಯುಲೇಟರಿಗೆ ಬೇಕಾದ ನೆಲವನ್ನು, ಅಂದರೆ ಬೆಟ್ಟ, ನದಿ, ಊರುಗಳನ್ನು ಬೇರೆ ಬೇರೆ ಕಂಪನಿಗಳು ಮಾಡಿ ಮಾರುತ್ತವೆ. ಅದಕ್ಕೆ ಸೀನರಿ ಎಂದು ಹೆಸರು. ದೂರದ ಒಂದು ಕಂಪನಿ ಕೊಲ್ಲಿಯ ದೊಡ್ಡ ಮರಳುಗಾಡಿನ ಸೀನರಿ ಮಾಡುತ್ತಿತ್ತು. ಅದರ ವಿಶೇಷವೆಂದರೆ ಬೇಕಾದ ದಿನಾಂಕ ಹಾಕಿದರೆ ಮರಳುಗಾಡು ಆ ದಿನಕ್ಕೆ ಹಿಂದೆ ಸರಿಯುತ್ತದೆ. ದಿಬ್ಬಗಳು ನಡೆದು ತಮ್ಮ ಹಳೆಯ ಜಾಗಕ್ಕೆ ಹೋಗಿ ನಿಲ್ಲುತ್ತವೆ.

ನೆಲವನ್ನು ಚೌಕ ಚೌಕವಾಗಿ ಜೋಡಿಸುವುದು ಯಂತ್ರ. ಆದರೆ ಯಂತ್ರದ ಜೋಡಣೆಯಲ್ಲಿ ಚೌಕಕ್ಕೂ ಚೌಕಕ್ಕೂ ನಡುವೆ ಗೆರೆ ಉಳಿಯುತ್ತದೆ. ಆ ಗೆರೆಯನ್ನು ಕಣ್ಣಿನಿಂದಲೇ ಹುಡುಕಬೇಕು. ಹೊಸಪೇಟೆಯ ಹಳೆಯ ಜಿನ್ನಿಂಗ್ ಮಿಲ್ಲಿನಲ್ಲಿ ಆ ಕೆಲಸದ ಆಫೀಸು ತೆರೆದಾಗ, ಓದಿದವರಿಗಿಂತ ಹೊಲಿಗೆ ಗೊತ್ತಿದ್ದ ಹೆಣ್ಣುಮಕ್ಕಳೇ ಆ ಗೆರೆಗಳನ್ನು ಬೇಗ ಹಿಡಿದರು. ರಮಿಜಾ ಒಂಬತ್ತನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಹತ್ತಿ ಹಿಂಜುವ ಪಿಂಜಾರರ ಮನೆ, ತಾಯಿ ಖಾಸಿಂಬಿ ಗಾದಿ ಹೊಲಿಯುವವಳು. ಇದೇ ಮಿಲ್ಲಿನಿಂದ ಹತ್ತಿ ಹೊತ್ತು ತರಲು ರಮಿಜಾ ಚಿಕ್ಕವಳಿದ್ದಾಗ ತಾಯಿಯ ಹಿಂದೆ ಬಂದಿದ್ದಳು. ಗಾದಿಯ ಮೇಲೆ ಅಂಗೈ ಆಡಿಸಿದರೆ ಒಳಗಿನ ಹತ್ತಿ ಎಲ್ಲಿ ಗಂಟಾಗಿದೆ ಎಂದು ಹೇಳಬಲ್ಲವಳಿಗೆ, ಮರಳಿನ ಮೇಲೆ ಕಣ್ಣಾಡಿಸಿ ಎಲ್ಲಿ ಸುಳ್ಳು ಸೇರಿದೆ ಎಂದು ಹೇಳುವುದು ಕಷ್ಟವಾಗಲಿಲ್ಲ.

ಆಫೀಸಿನಲ್ಲಿ ಅವಳ ಮಾತು ಕೇಳಿದವರು ಕಡಿಮೆ. ಬರುತ್ತಿದ್ದಳು, ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದಳು, ಅದರಲ್ಲಿ ಏನೂ ಹಾಡುತ್ತಿರಲಿಲ್ಲ. ಪರದೆಯ ಕೆಳಗೆ ಮೂರು ಗುಂಡಿ: ಮರಳು, ಕಲ್ಲು, ಕಸ. ಮರಳೆಂದರೆ ಹಾಗೇ ಬಿಡು. ಕಲ್ಲೆಂದರೆ ಅದು ಪ್ರಕೃತಿಯದು, ಇರಲಿ. ಕಸವೆಂದರೆ ಒರೆಸು. ಕೊಳ್ಳುವವರಿಗೆ ಮನುಷ್ಯರ ಗುರುತಿಲ್ಲದ ಮರಳುಗಾಡು ಬೇಕಾಗಿತ್ತು. ಟೈರು, ಡ್ರಮ್ಮು, ಮುರಿದ ಬೇಲಿ ಎಲ್ಲವೂ ಕಸವೇ. ದೊಡ್ಡ ಸಾಮಾನನ್ನು ಯಂತ್ರವೇ ಒರೆಸುತ್ತಿತ್ತು. ಸಣ್ಣದನ್ನು ಹುಡುಗಿಯರು ಒರೆಸಬೇಕು. ಕೆಲವೊಮ್ಮೆ ಉಪಗ್ರಹ ತೊದಲಿದಂತಾಗಿ ಒಂದೇ ಚುಕ್ಕೆ ಸಾಲಾಗಿ ಐದಾರು ಸಲ ಮೂಡುತ್ತಿತ್ತು. ಅದಕ್ಕೆ ಮೇಲ್ವಿಚಾರಕ ಗವಿಸಿದ್ಧಪ್ಪ ಒಂದು ನಿಯಮ ಮಾಡಿದ್ದರು: ಸಾಲು ಚುಕ್ಕೆ ಕಂಡರೆ ಯೋಚನೆ ಬೇಡ, ಕಸ.

ನಾಲ್ಕು ವಾರದ ಹಿಂದೆ ಒಂದು ಚೌಕದ ಹಳೆಯ ದಿನಾಂಕವೊಂದರಲ್ಲಿ ಅಂಥದೇ ಸಾಲು ಬಂದಿತ್ತು. ಎಂಟು ಚುಕ್ಕೆ. ರಮಿಜಾಳ ಬೆರಳು ಗುಂಡಿಯ ಮೇಲೆ ಒಂದು ಗಳಿಗೆ ನಿಂತಿತು. ತೊದಲು ಚುಕ್ಕೆಗಳು ಸಮನಾದ ಅಂತರದಲ್ಲಿರುತ್ತವೆ, ಇವು ಹಾಗಿರಲಿಲ್ಲ. ಮೊದಲ ಎರಡು ಒತ್ತೊತ್ತಾಗಿ, ಆಮೇಲಿನವು ದೂರ ದೂರವಾಗುತ್ತ, ಸ್ವಲ್ಪ ಬಾಗಿಕೊಂಡು ಹೋಗಿದ್ದವು. ಕೈ ಬಾರದವರು ಎಳೆದ ಹೊಲಿಗೆಯಂತಿದೆ ಅಂದುಕೊಂಡಳು. ನಿಯಮ ನೆನಪಾಯಿತು. ಕಸ ಒತ್ತಿದಳು. ಒಂದೊಂದಾಗಿ ಎಂಟೂ ಹೋದವು.

ಒರೆಸಿ ಮುಗಿದ ಚೌಕದ ಮೇಲೆ ಒಮ್ಮೆ ವಿಮಾನ ಹಾರಿಸಿ ನೋಡಬೇಕು, ಅದೂ ಕೆಲಸದ ಭಾಗ. ಹಿಡಿಕೆ ಹಿಡಿದು ರಮಿಜಾ ಸಣ್ಣ ವಿಮಾನವನ್ನು ಕೆಳಗಿಳಿಸಿ ದಿಬ್ಬಗಳ ಬೆನ್ನಿಗೆ ತಾಗುವಷ್ಟು ಹತ್ತಿರದಲ್ಲಿ ಹಾರಿಸುತ್ತಿದ್ದಳು. ಕೆಳಗೆ ವಿಮಾನದ ನೆರಳು ಏರುತ್ತ ಇಳಿಯುತ್ತ ಬರುತ್ತಿತ್ತು. ಪಕ್ಕದ ಹುಡುಗಿಯರು ಹಾರುವಾಗ ನಗುತ್ತಿದ್ದರು, ಕುರ್ಚಿಯ ಅಂಚು ಹಿಡಿದುಕೊಳ್ಳುತ್ತಿದ್ದರು. ರಮಿಜಾಗೆ ಏನೂ ಅನಿಸುತ್ತಿರಲಿಲ್ಲ. ಏನೂ ಅನಿಸದಿರುವುದೇ ಅವಳಿಗೆ ಒಗ್ಗಿಹೋಗಿತ್ತು.

ಅದು ಏಳು ವರ್ಷದ ಒಗ್ಗಿಕೆ.

ಅವಳ ಅಪ್ಪ ಹೊನ್ನೂರಸಾಬ್ ಅದಿರು ಲಾರಿ ಓಡಿಸುತ್ತಿದ್ದವನು. ಗಣಿ ನಿಂತ ಮೇಲೆ ಲಾರಿಗಳು ಸಾಲುಗಟ್ಟಿ ತುಕ್ಕು ಹಿಡಿದವು. ಎಷ್ಟೋ ಡ್ರೈವರುಗಳಂತೆ ಅವನೂ ಕೊಲ್ಲಿಗೆ ಹೋದ. ಅಲ್ಲಿ ಮರಳುಗಾಡಿನ ನಡುವೆ ಎಣ್ಣೆ ಬಾವಿ ತೋಡುವವರಿಗೆ ಟ್ಯಾಂಕರಿನಲ್ಲಿ ನೀರು ಒಯ್ಯುವ ಕೆಲಸ. ಶುಕ್ರವಾರ ಶುಕ್ರವಾರ ಫೋನು ಬರುತ್ತಿತ್ತು. ಒಂದು ಶುಕ್ರವಾರ, ಜೂನ್ ಒಂಬತ್ತರಂದು, ಗಾಳಿ ಜೋರಿದೆ, ಕಣ್ಣು ತೆರೆಯಲಾಗುವುದಿಲ್ಲ ಎಂದು ಹೇಳಿದ್ದ. ಮುಂದಿನ ಶುಕ್ರವಾರ ಫೋನು ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಎರಡು ತಿಂಗಳಾದ ಮೇಲೆ ಅವನ ಮಾಲೀಕರ ಕಡೆಯಿಂದ ಒಂದು ಕಾಗದ ಬಂತು. ಅದನ್ನು ಓದಿ ಹೇಳಿದವರು ಒಂದೇ ಪದದಲ್ಲಿ ಹೇಳಿದರು: ಪರಾರಿ. ಟ್ಯಾಂಕರಿನ ಸಮೇತ ಪರಾರಿ.

ಆ ಪದ ಅವರ ಮನೆಯೊಳಗೆ ಬಂದು ಕುಳಿತುಬಿಟ್ಟಿತು. ಸತ್ತರೆ ಅಳಬಹುದು, ಬಿಟ್ಟರೆ ಬಯ್ಯಬಹುದು. ಪರಾರಿಯಾದವನಿಗೆ ಏನು ಮಾಡುವುದು? ಅಲ್ಲೇ ಒಬ್ಬಳನ್ನು ಕಟ್ಟಿಕೊಂಡು ಟ್ಯಾಂಕರು ಮಾರಿ ಸುಖವಾಗಿದ್ದಾನೆ ಎಂದು ಯಾರೋ ಹೇಳಿದರು. ಯಾರೋ ಕಂಡೂ ಬಂದರು. ಖಾಸಿಂಬಿ ಕೊರಳ ಕರಿಮಣಿ ತೆಗೆಯಲೂ ಇಲ್ಲ, ಅದರ ಮೇಲೆ ಕೈಯಿಟ್ಟು ಮಾತಾಡುವುದನ್ನೂ ನಿಲ್ಲಿಸಿದಳು. ಮದುವೆಮನೆಗಳಿಗೆ ಅವಳು ಹೊಲಿದ ಗಾದಿ ಹೋಗುತ್ತಿತ್ತು, ಅವಳು ಹೋಗುತ್ತಿರಲಿಲ್ಲ.

ಈಗ ಚಿಕ್ಕಪ್ಪ ಬುಡೇನ್‌ಸಾಬ್ ಒಂದು ಅರ್ಜಿ ತಂದಿದ್ದ. ರಮಿಜಾಗೆ ಸಂಬಂಧಗಳು ಬರುತ್ತವೆ, ಬಂದವರು ತಂದೆ ಎಲ್ಲಿ ಎಂದು ಕೇಳುತ್ತಾರೆ, ಉತ್ತರ ಕೇಳಿ ಹಿಂದಿರುಗುತ್ತಾರೆ. ಹುಡುಗಿಯ ನಿಕಾಹ್‌ನಲ್ಲಿ ತಂದೆಯ ಜಾಗದಲ್ಲಿ ಯಾರು ಕೂರಬೇಕೆಂದರೆ, ತಂದೆ ಏನಾದ ಎಂಬುದು ಮೊದಲು ಕಾಗದದ ಮೇಲೆ ಇತ್ಯರ್ಥವಾಗಬೇಕು. ಶುಕ್ರವಾರದ ನಮಾಜಿನ ನಂತರ ಜಮಾತಿನವರು ಕೂರುತ್ತಾರೆ, ಅಷ್ಟರೊಳಗೆ ಒಂದು ಬರೆದುಕೊಡಿ ಎಂದು ಹೇಳಿ ಹೋದ. ಅರ್ಜಿಯಲ್ಲಿ ಎರಡು ಮಾತು ಅಚ್ಚಾಗಿದ್ದವು: 'ಬಿಟ್ಟುಹೋಗಿದ್ದಾನೆ', 'ತೀರಿಕೊಂಡಿದ್ದಾನೆ'. ಬೇಡದ್ದನ್ನು ಹೊಡೆದುಹಾಕಿ ಹೆಬ್ಬೆಟ್ಟು ಒತ್ತಬೇಕು. ತೀರಿಕೊಂಡಿದ್ದಾನೆ ಎನ್ನಲು ಸಾಕ್ಷಿ ಬೇಕು. ಬಿಟ್ಟುಹೋಗಿದ್ದಾನೆ ಎನ್ನಲು ಯಾವ ಸಾಕ್ಷಿಯೂ ಬೇಡ.

ಖಾಸಿಂಬಿ ಅದನ್ನು ಮಡಚಿ ದಬ್ಬಣಗಳ ಡಬ್ಬಿಯೊಳಗಿಟ್ಟಳು. ಒಂದು ವಾರದಿಂದ ದಬ್ಬಣ ತೆಗೆಯುವಾಗಲೆಲ್ಲ ಕಾಗದವನ್ನು ಸರಿಸಿ ತೆಗೆಯುತ್ತಿದ್ದಳು, ಬಿಚ್ಚುತ್ತಿರಲಿಲ್ಲ. ರಮಿಜಾಗೆ ಒಂದೇ ಸಲ ಕೇಳಿದಳು, ಅವನು ಓಡಿಹೋಗುವ ಮನುಷ್ಯನೇ ಎಂದು. ರಮಿಜಾ ಗೊತ್ತಿಲ್ಲವೆಂದಳು. ಅದು ನಿಜವೇ ಆಗಿತ್ತು. ಹದಿನೈದನೆಯ ವಯಸ್ಸಿನಲ್ಲಿ ನೋಡಿದ ಅಪ್ಪನ ಬಗ್ಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಏನೆಂದು ಹೇಳುವುದು?

ಬುಧವಾರ ಬೆಳಿಗ್ಗೆ ಅವಳ ಬಸ್ಸು ಬೈಪಾಸಿನ ಮೇಲ್ಸೇತುವೆ ಏರಿ ನಿಂತಿತು. ಮುಂದೆ ವಾಹನಗಳ ಸಾಲು. ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗಿನ ಹೆದ್ದಾರಿಯಲ್ಲಿ ಒಂದು ಲಾರಿ ಕೆಟ್ಟುನಿಂತಿತ್ತು. ಲಾರಿಯ ಹಿಂದೆ ಕಲ್ಲುಗಳ ಸಾಲು. ಚಕ್ರದ ಹತ್ತಿರ ಎರಡು ಕಲ್ಲು ಒತ್ತೊತ್ತಾಗಿ, ಆಮೇಲೆ ಒಂದೊಂದೇ ದೂರ ದೂರವಾಗುತ್ತ, ಹಿಂದಕ್ಕೆ ಹೋದಂತೆ ರಸ್ತೆಯ ಕಡೆಗೆ ಬಾಗಿಕೊಂಡು, ಕೊನೆಯ ಕಲ್ಲಿನ ಮೇಲೆ ಒಂದು ಬೇವಿನ ಸೊಪ್ಪಿನ ಟೊಂಗೆ. ಹಿಂದಿನಿಂದ ಬರುವ ವಾಹನಗಳು ಸೊಪ್ಪು ಕಂಡೊಡನೆ ನಿಧಾನವಾಗಿ ಸರಿದು ಹೋಗುತ್ತಿದ್ದವು.

ಇದನ್ನು ಅವಳು ನೂರು ಸಲ ನೋಡಿದ್ದಳು, ನೆಲದ ಮೇಲೆ ನಿಂತು. ಮೇಲಿನಿಂದ ನೋಡಿದ್ದು ಇದೇ ಮೊದಲು.

ಸಂಡೂರಿನ ಘಾಟಿಯಲ್ಲಿ ಒಮ್ಮೆ ಅಪ್ಪನ ಲಾರಿಯ ಸ್ಪ್ರಿಂಗ್ ಪಾಟಾ ಮುರಿದಾಗ ಅವಳು ಜೊತೆಗಿದ್ದಳು. ಏಳೆಂಟು ವರ್ಷದವಳು. ಅಪ್ಪ ಬಾನೆಟ್ಟಿಗೂ ಕೈಹಾಕದೆ ಮೊದಲು ಕಲ್ಲು ಹುಡುಕಿದ. ಅವಳ ಕೈಲೂ ಎರಡು ತರಿಸಿದ. ಬಲಗಡೆಗೆ ಹರವಿಕೊಂಡು ಹೋಗಬೇಕು, ಬರುವವನು ಬರುವುದು ಆ ಕಡೆಯಿಂದಲೇ, ಎಂದು ತೋರಿಸಿದ. ರಿಪೇರಿ ಮುಗಿದು ಹೊರಡುವ ಮೊದಲು ಒಂದೊಂದು ಕಲ್ಲನ್ನೂ ಎತ್ತಿ ಚರಂಡಿಗೆ ಹಾಕಿದ. ಅವಳಿಗೆ ಹಸಿವಾಗಿತ್ತು, ಬಿಟ್ಟು ಬಾ ಎಂದು ಅತ್ತಿದ್ದಳು. ಆಗ ಅವನು ಹೇಳಿದ್ದು ಅವಳಿಗೆ ಅಕ್ಷರ ತಪ್ಪದೆ ನೆನಪಿತ್ತು: "ಲಾರಿ ಹೋದ ಮ್ಯಾಲ ಕಲ್ಲು ಉಳೀಬಾರದು ಮಗಳ. ಕಲ್ಲು ಬಿಟ್ಟು ಹೋದವ ಡ್ರೈವರಲ್ಲ, ಕೊಲೆಗಾರ."

ಬಸ್ಸು ಹೊರಟಿತು. ರಮಿಜಾಳ ಬೆರಳು, ಗುಂಡಿ ಒತ್ತುವ ಬೆರಳು, ಮಡಿಲಲ್ಲಿ ಎಂಟು ಸಲ ಆಡಿತು.

ಚೌಕದ ಸಂಖ್ಯೆ ಅವಳಿಗೆ ನೆನಪಿತ್ತು. ಆದರೆ ಒರೆಸಿದ್ದನ್ನು ಹಿಂದಕ್ಕೆ ತರುವ ಅಧಿಕಾರ ಹುಡುಗಿಯರಿಗೆ ಇರಲಿಲ್ಲ. ಒರೆಸದ ಮೂಲ ಚಿತ್ರ ಗವಿಸಿದ್ಧಪ್ಪನವರ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತಿತ್ತು. ಗುರುವಾರ ಸಂಜೆ ಆ ಭಾಗಕ್ಕೆ ಮೊಹರು ಬಿದ್ದು ಸೀನರಿ ಮಾರಾಟಕ್ಕೆ ಹೋಗುತ್ತದೆ, ಮೂಲವನ್ನು ಅಳಿಸಿಹಾಕುತ್ತಾರೆ. ಅಂದರೆ ನಾಳೆ.

ಅವಳು ಗವಿಸಿದ್ಧಪ್ಪನವರ ಮೇಜಿನ ಮುಂದೆ ಹೋಗಿ ನಿಂತಳು. ಅವರು ಕೊಪ್ಪಳದ ಕಡೆಯವರು, ಐವತ್ತರ ಹತ್ತಿರದ ಮನುಷ್ಯ, ಯಾವಾಗಲೂ ಏನಾದರೊಂದು ಚೇಷ್ಟೆ ಮಾತು ಬಾಯಲ್ಲಿರುತ್ತಿತ್ತು. ಎರಡು ವರ್ಷದಲ್ಲಿ ಮೊದಲ ಸಲ ರಮಿಜಾ ತಾನಾಗಿ ಬಂದಿದ್ದಾಳೆ, ಇವತ್ತು ಮಳೆ ಗ್ಯಾರಂಟಿ ಅಂದರು. ಪಕ್ಕದವರು ನಕ್ಕರು. ರಮಿಜಾ ಚೌಕದ ಸಂಖ್ಯೆ ಹೇಳಿ, ಮೂಲ ತೆಗೆಯಬೇಕು ಅಂದಳು. ಕಾರಣ ಕೇಳಿದರು. ಅವಳು ಸಂಖ್ಯೆಯನ್ನೇ ಮತ್ತೊಮ್ಮೆ ಹೇಳಿದಳು. ಕಾರಣವಿಲ್ಲದೆ ತೆಗೆದರೆ ತಮ್ಮ ತಲೆಗೆ ಬರುತ್ತದೆ ಎಂದು ಅವರು ಸಮಾಧಾನವಾಗಿಯೇ ಹೇಳಿದರು.

"ನಾ ಒರೆಸಿದ್ದು ತೊದಲು ಅಲ್ರಿ ಸರ್," ಅಂದಳು ರಮಿಜಾ. "ಲಾರಿ ಹಿಂದ ಇಡೋ ಕಲ್ಲು."

"ಮರಳುಗಾಡಿನಾಗ ಲಾರಿ ಹಿಂದ ಕಲ್ಲು ಇಡೋರು ಯಾರವ್ವಾ?"

"ನಮ್ಮಪ್ಪ."

ಅವರ ಮುಖದ ಮೇಲಿದ್ದ ನಗೆ ಅಲ್ಲೇ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಮೇಜಿನ ಮೇಲಿನ ಕಾಗದ ಸರಿಸಿದರು. ಹೊನ್ನೂರಸಾಬನ ಸುದ್ದಿ ಊರಿಗೆ ಗೊತ್ತಿದ್ದದ್ದೇ. ಆಮೇಲೆ ಎದ್ದು, ಅವಳನ್ನು ಒಳಗಿನ ಗಾಜಿನ ಕೋಣೆಗೆ ಕರೆದು, ಬಾಗಿಲು ಹಾಕಿದರು.

ಮೂಲ ಚಿತ್ರ ತೆರೆಯಲು ಹತ್ತು ನಿಮಿಷ ಹಿಡಿಯಿತು. ಇವತ್ತಿನ ದಿನಾಂಕದಲ್ಲಿ ಅಲ್ಲಿ ಒಂದು ದೊಡ್ಡ ದಿಬ್ಬ ಬಿಟ್ಟರೆ ಏನೂ ಇರಲಿಲ್ಲ. ಗವಿಸಿದ್ಧಪ್ಪ ಹಿಡಿಕೆಯನ್ನು ಅವಳ ಕಡೆ ಸರಿಸಿದರು. ರಮಿಜಾ ಸಣ್ಣ ವಿಮಾನವನ್ನು ಮೇಲೇರಿಸಿ ದಿಬ್ಬದ ಸುತ್ತ ಒಂದು ಸುತ್ತು ಹಾಕಿದಳು. ಪಕ್ಕದಲ್ಲಿ ಅವರು ದಿನಾಂಕದ ಪಟ್ಟಿಯನ್ನು ಹಿಂದಕ್ಕೆ ಎಳೆಯತೊಡಗಿದರು. ವರ್ಷಗಳು ಸರಿದವು. ದಿಬ್ಬ ಬೆನ್ನು ತಿರುಗಿಸಿ ನಡೆದು ಹೋಯಿತು. ಆರು ವರ್ಷ. ಆರೂವರೆ. ದಿಬ್ಬ ಹೋದ ಜಾಗದಲ್ಲಿ ಸಪಾಟು ಮರಳು, ಅದರ ನಡುವೆ ಉದ್ದನೆಯ ಕಪ್ಪು ಆಕಾರ. ಬೆಳಕು ತಾಗದೇ ಉಳಿದ ಮರಳಿನಿಂದ ಯಂತ್ರ ಅಲ್ಲಿದ್ದ ವಸ್ತುವಿನ ನೆರಳನ್ನಷ್ಟೇ ಎಳೆಯಬಲ್ಲದು, ವಸ್ತುವನ್ನಲ್ಲ. ನೆರಳು ಸಾಕಾಗಿತ್ತು. ಮುಂದೆ ಕ್ಯಾಬಿನ್ನು, ಹಿಂದೆ ದುಂಡನೆಯ ಟ್ಯಾಂಕು. ಅದರ ಹಿಂದೆ ಎಂಟು ಚುಕ್ಕೆ.

ಕಲ್ಲುಗಳಿರಲಿಲ್ಲ. ಮರಳುಗಾಡಿನಲ್ಲಿ ಕಲ್ಲೆಲ್ಲಿ? ಹತ್ತಿರ ಹೋದರೆ ಒಂದೊಂದರ ಆಕಾರ ಬೇರೆ ಬೇರೆ. ಎಣ್ಣೆ ಡಬ್ಬಿಯ ದುಂಡು, ಜಾಕಿನ ಚೌಕ, ಊಟದ ಡಬ್ಬಿಯ ಚಿಕ್ಕ ದುಂಡು. ಕೊನೆಯಲ್ಲಿ ಎರಡು ಉದ್ದುದ್ದ, ಅವು ಚಪ್ಪಲಿಗಳು.

ದಿನಾಂಕ ಏಳು ವರ್ಷದ ಹಿಂದಿನ ಜೂನ್ ಹನ್ನೊಂದು.

ಗವಿಸಿದ್ಧಪ್ಪ ಹೇಳಲೋ ಬೇಡವೋ ಎಂಬಂತೆ ಹೇಳಿದರು: "ಒಂದು ಮಾತು ತಂಗಿ. ಆ ದೇಶದಾಗ ಗಾಡಿ ಬಲಕ್ಕ ಹೊಡೀತಾರ. ಕೆಟ್ಟ ಗಾಡಿ ಬಲದ ಅಂಚಿಗೆ ನಿಲ್ತದ. ಹಂಗಂದ್ರ ಕಲ್ಲು ಎಡಗಡೆ ಬರಬೇಕಿತ್ತು. ಇವು ಬಲಗಡೆ ಅದಾವ. ಸುಮ್ನ ಬಿದ್ದ ಸಾಮಾನೂ ಇರಬಹುದು."

ರಮಿಜಾ ದಿನಾಂಕವನ್ನು ಒಂದು ದಿನ ಮುಂದೆ ತಳ್ಳುವಂತೆ ಕೈ ತೋರಿಸಿದಳು.

ಜೂನ್ ಹನ್ನೆರಡು. ಗಾಳಿಗೆ ಮರಳು ಒಂದು ಗೇಣು ಏರಿತ್ತು. ಟ್ಯಾಂಕರಿನ ಚಕ್ರಗಳು ಅರ್ಧ ಹೂತಿದ್ದವು. ಚುಕ್ಕೆಗಳು ಹೂತುಹೋಗಬೇಕಿತ್ತು, ಹೋಗಿರಲಿಲ್ಲ. ಎಂಟೂ ಹೊಸ ಮರಳಿನ ಮೇಲೆ, ಅದೇ ಬಾಗಿನಲ್ಲಿ, ಅದೇ ಅಂತರದಲ್ಲಿ ಇದ್ದವು. ಯಾರೋ ಅವನ್ನು ಅಗೆದು ತೆಗೆದು ಮತ್ತೆ ಜೋಡಿಸಿದ್ದರು.

ಸುಮ್ಮನೆ ಬಿದ್ದ ಸಾಮಾನು ಮೇಲೇಳುವುದಿಲ್ಲ. ಗವಿಸಿದ್ಧಪ್ಪ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಜೂನ್ ಹದಿಮೂರು. ಇನ್ನೊಂದು ಗೇಣು ಮರಳು. ಚುಕ್ಕೆಗಳು ಮೇಲೆ. ಟ್ಯಾಂಕರಿನ ನೆರಳಿನ ಪಕ್ಕದಲ್ಲಿ ಒಂದು ನೀಳ ಚೌಕ ಕಂಡಿತು. ಆರಡಿ ಉದ್ದ, ಎರಡೂವರೆ ಅಡಿ ಅಗಲ. ಕ್ಯಾಬಿನ್ನಿನಲ್ಲಿ ಹಾಸಲೆಂದು ಅವ್ವ ಹೊಲಿದುಕೊಟ್ಟ ಗಾದಿಯ ಅಳತೆ ಅದು. ಅದರ ಒಂದು ಅಂಚು ರಮಿಜಾ ಹೊಲಿದದ್ದು. ಬೆಳಗಿನ ಮರಳಿನಲ್ಲಿ ಆ ಚೌಕ ಟ್ಯಾಂಕರಿನ ಪಡುವಣಕ್ಕಿತ್ತು, ಸಂಜೆಯ ಮರಳಿನಲ್ಲಿ ಮೂಡಣಕ್ಕೆ. ಬಿಸಿಲು ತಿರುಗಿದಂತೆ ನೆರಳಿದ್ದ ಕಡೆಗೆ ಗಾದಿಯನ್ನು ಎಳೆದುಕೊಂಡು ಹೋಗಿದ್ದರು.

ಜೂನ್ ಹದಿನಾಲ್ಕು. ಚುಕ್ಕೆಗಳು ಮೇಲೆ. ಸಾಲು ಅಷ್ಟು ನೇರವಿರಲಿಲ್ಲ. ಎರಡು ಮೂರು ಒಂದರ ಪಕ್ಕ ಒಂದು ಬಿದ್ದಂತಿದ್ದವು. ಆದರೂ ಎಂಟಿದ್ದವು. ಗಾದಿ ಟ್ಯಾಂಕರಿನ ಅಡಿಗೆ ಹೋಗಿತ್ತು.

ಜೂನ್ ಹದಿನೈದು. ಮರಳು ಏರಿತ್ತು. ಚುಕ್ಕೆಗಳು ಇರಲಿಲ್ಲ.

ಹದಿನಾರಕ್ಕೂ ಇರಲಿಲ್ಲ. ಗಾದಿಯ ಚೌಕ ಟ್ಯಾಂಕರಿನ ಅಡಿಯಲ್ಲೇ ಇತ್ತು. ಇಪ್ಪತ್ತಕ್ಕೆ ಅಲ್ಲೇ. ಜುಲೈಗೆ ಅಲ್ಲೇ. ದಿಬ್ಬ ಬಂದು ಎಲ್ಲವನ್ನೂ ಮುಚ್ಚುವವರೆಗೆ ಅದು ಅಲ್ಲಿಂದ ಕದಲಲಿಲ್ಲ. ಯಂತ್ರ ಇನ್ನೂ ಆಳಕ್ಕೆ, ಗಾದಿಯ ಮೇಲಿನ ಮರಳನ್ನೂ ತೋರಿಸಬಲ್ಲದಾಗಿತ್ತು. ಗವಿಸಿದ್ಧಪ್ಪ ಅದನ್ನು ಮುಟ್ಟಲಿಲ್ಲ. ರಮಿಜಾ ಕೇಳಲಿಲ್ಲ.

ವಿಮಾನ ತನ್ನಷ್ಟಕ್ಕೆ ಸುತ್ತು ಹಾಕುತ್ತಲೇ ಇತ್ತು. ರಮಿಜಾಳ ಕೈ ಹಿಡಿಕೆಯ ಮೇಲಿತ್ತು, ಅದು ತನ್ನ ಕೈ ಎಂದು ಅವಳಿಗೆ ಅನಿಸುತ್ತಿರಲಿಲ್ಲ. ಗವಿಸಿದ್ಧಪ್ಪ ನೀರು ತಂದುಕೊಟ್ಟರು. ಲೋಟ ನೋಡಿದಳು. ನೀರಿನ ಟ್ಯಾಂಕರು ಓಡಿಸುವವನು, ಟ್ಯಾಂಕು ಬಾವಿಯ ಹತ್ತಿರ ಖಾಲಿ ಮಾಡಿ ಹಿಂದಿರುಗುವಾಗ ದಾರಿ ತಪ್ಪಿರಬೇಕು. ತುಂಬಿದ್ದರೆ ಇನ್ನೂ ಎಷ್ಟು ದಿನ ಕಲ್ಲು ಮೇಲಿರುತ್ತಿದ್ದವೋ. ಹೀಗೆ ಲೆಕ್ಕ ಹಾಕುತ್ತಿರುವುದು ತಾನೇ ಎಂದು ತಿಳಿದು, ನೀರು ಕುಡಿದಳು.

ಅಂದು ಮಧ್ಯಾಹ್ನವೇ ರಜೆ ಕೇಳಿ ಮನೆಗೆ ಹೋದಳು. ಖಾಸಿಂಬಿ ಅಂಗಳದಲ್ಲಿ ಗಾದಿ ಹರಡಿಕೊಂಡು ಅಂಚು ಕಟ್ಟುತ್ತಿದ್ದಳು. ಕೂದಲಿಗೂ ಹುಬ್ಬಿಗೂ ಹತ್ತಿ ಅಂಟಿತ್ತು. ಮಗಳು ಈ ಹೊತ್ತಿಗೆ ಬಂದದ್ದೇಕೆ ಎಂದು ಕೇಳಲಿಲ್ಲ, ಇನ್ನೊಂದು ದಬ್ಬಣವನ್ನು ಅವಳ ಕಡೆ ಚಾಚಿದಳು. ರಮಿಜಾ ಎದುರು ಅಂಚಿಗೆ ಕೂತು ಹೊಲಿಯುತ್ತ ಹೊಲಿಯುತ್ತ ಹೇಳಿದಳು. ಮರಳಿನ ಗಡಿಯಾರವನ್ನೂ ಉಪಗ್ರಹವನ್ನೂ ಹೇಳಲು ಹೋಗಲಿಲ್ಲ. ಅಪ್ಪನ ಟ್ಯಾಂಕರಿನಂಥದ್ದು ಒಂದು ಸಿಕ್ಕಿದೆ, ಅದರ ಹಿಂದೆ ಕಲ್ಲಿಟ್ಟ ಹಾಗೆ ಸಾಮಾನು ಇಟ್ಟಿದ್ದಾರೆ, ನಾಲ್ಕು ದಿನ ದಿನಾ ಎತ್ತಿಟ್ಟಿದ್ದಾರೆ, ಐದನೆಯ ದಿನ ಎತ್ತಿಲ್ಲ ಎಂದಳು. ಆದರೆ ಅದು ಅಪ್ಪನದೇ ಎಂದು ಹೇಳಲು ಬರುವುದಿಲ್ಲ, ಆ ದೇಶದ ರೀತಿಗೆ ಕಲ್ಲು ಬೇರೆ ಕಡೆ ಇರಬೇಕಿತ್ತಂತೆ ಎಂದೂ ಹೇಳಿದಳು.

ಖಾಸಿಂಬಿಯ ದಬ್ಬಣ ನಿಂತಿತು.

"ಯಾವ ಕಡಿಗೆ ಇಟ್ಟಾನ?"

"ಬಲಕ್ಕ."

ಖಾಸಿಂಬಿ ದಬ್ಬಣವನ್ನು ಗಾದಿಗೆ ಚುಚ್ಚಿಟ್ಟಳು. ಅವಳ ಗಂಟಲಿನಿಂದ ಬಂದದ್ದು ನಗೆಯಂತೆಯೇ ಇತ್ತು.

"ಫೋನಿನಾಗ ಹೇಳ್ತಿದ್ದ," ಅಂದಳು. "ಈ ದೇಶದಾಗ ಎಲ್ಲ ಉಲ್ಟಾ, ಕಲ್ಲು ಸೈತ ಎಡಕ್ಕ ಇಡಬೇಕು, ನನ್ನ ಕೈ ಬಲಕ್ಕ ಹೋಗ್ತದ, ಮಂದಿ ನಗ್ತಾರ ಅಂತ. ಮೂರು ಸಲ ದಂಡ ಹಾಕ್ಯಾರ ಅಂದಿದ್ದ. ನಾನು, ಈಗಾರ ಕಲೀರಿ ಅಂದಿದ್ದೆ."

ದಬ್ಬಣವನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದಳು: "ಕಲೀಲಿಲ್ಲ."

ಎದುರುಮನೆಯ ಕೋಳಿಗಳು ಅಂಗಳಕ್ಕೆ ಬಂದು ಹತ್ತಿಬೀಜ ಕೆದಕಿ ಹೋದವು. ಖಾಸಿಂಬಿ ಎಷ್ಟನೆಯ ತಾರೀಕು ಎಂದು ಕೇಳಿದಳು. ಹದಿನಾಲ್ಕೋ ಹದಿನೈದೋ ಎಂದಳು ರಮಿಜಾ. ತಾಯಿ ಬೆರಳ ಗೆಣ್ಣುಗಳ ಮೇಲೆ ಎಣಿಸಿದಳು. ಗಂಡ ತೀರಿದ ದಿನದಿಂದ ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟದೆ ಇದ್ದತ್ ಕೂರಬೇಕು. ಆ ಅವಧಿ ಆ ವರ್ಷದ ಅಕ್ಟೋಬರಿಗೇ ಮುಗಿದಿತ್ತು. ಸುದ್ದಿ ತಡವಾಗಿ ಬಂದರೆ, ಕಳೆದುಹೋದ ದಿನಗಳೇ ಲೆಕ್ಕಕ್ಕೆ, ಮತ್ತೆ ಕೂರಬೇಕಿಲ್ಲ ಎಂದು ಹಿರಿಯರು ಹೇಳುವುದನ್ನು ಅವಳು ಕೇಳಿದ್ದಳು.

"ಆ ನಾಕು ತಿಂಗಳು ನಾ ಏನು ಮಾಡ್ತಿದ್ದೆ?"

"ಗಾದಿ ಹೊಲೀತಿದ್ದಿ ಅವ್ವಾ."

"ಹೊರಗ ಹೋಗಿದ್ನೇನು?"

ರಮಿಜಾ ನೆನಪು ಮಾಡಿಕೊಂಡಳು. ಮಂದಿ ಕೇಳುವ ಮಾತಿಗೆ ಅಂಜಿ ಆ ದಿನಗಳಲ್ಲಿ ಅವ್ವ ಬಾಗಿಲಾಚೆ ಹೆಜ್ಜೆ ಇಟ್ಟಿರಲಿಲ್ಲ. ಹತ್ತಿಯನ್ನೂ ರಮಿಜಾಳೇ ತರುತ್ತಿದ್ದಳು, ಅದಕ್ಕೆಂದೇ ಶಾಲೆ ತಪ್ಪಿಸಿದ್ದು, ತಪ್ಪಿದ್ದು ಮತ್ತೆ ಹತ್ತಲಿಲ್ಲ. "ಇಲ್ಲ," ಅಂದಳು.

"ಹಂಗಾರ ಕುಂತಂಗಾತು ಬಿಡು," ಅಂದಳು ಖಾಸಿಂಬಿ.

ಡಬ್ಬಿಯಿಂದ ಕಾಗದ ತೆಗೆದು ಮಗಳ ಕೈಗೆ ಕೊಟ್ಟಳು. ಬಿಟ್ಟುಹೋಗಿದ್ದಾನೆ ಎನ್ನುವುದು ಯಾವ ಸಾಲು ಎಂದು ಕೇಳಿ ತಿಳಿದುಕೊಂಡಳು. ಅದರ ಮೇಲೆ ರಮಿಜಾ ಗೆರೆ ಎಳೆಯುವಾಗ ಪೆನ್ನನ್ನು ತಾನೇ ಇಸಿದುಕೊಂಡು, ಅದೇ ಗೆರೆಯ ಮೇಲೆ ಇನ್ನೊಂದು ಗೆರೆ ಎಳೆದಳು, ಇನ್ನೊಂದು, ಮತ್ತೊಂದು, ಕಾಗದ ಹರಿಯುವವರೆಗೆ. ಆಮೇಲೆ ಕೊರಳಿಗೆ ಕೈಹಾಕಿ ಕರಿಮಣಿಯ ಸರ ಬಿಚ್ಚಿ ಡಬ್ಬಿಯೊಳಗೆ, ದಬ್ಬಣಗಳ ಜೊತೆ ಇಟ್ಟಳು. ಮುಚ್ಚಳ ಹಾಕಿ, ಅಂಚು ಕಟ್ಟುವುದು ಉಳಿದಿದೆ, ಕತ್ತಲಾಗುವುದರೊಳಗೆ ಮುಗಿಸಬೇಕು ಎಂದಳು. ಇಬ್ಬರೂ ಮುಗಿಸಿದರು.

ಗುರುವಾರ ಆಫೀಸಿನಲ್ಲಿ ಯಾರೂ ರಮಿಜಾಳನ್ನು ಮಾತಾಡಿಸಲಿಲ್ಲ. ಗವಿಸಿದ್ಧಪ್ಪ ಹಿಂದಿನ ಸಂಜೆಯೇ ಜಾಗದ ಅಕ್ಷಾಂಶ ರೇಖಾಂಶಗಳನ್ನೂ ಆ ನಾಲ್ಕು ದಿನಗಳ ಚಿತ್ರಗಳನ್ನೂ ಕಂಪನಿಗೆ ಕಳಿಸಿ, ರಾಯಭಾರ ಕಚೇರಿಗೂ ಒಂದು ಪ್ರತಿ ಹಾಕಿದ್ದರು. ಜಮಾತಿನ ಸಲುವಾಗಿ ಒಂದು ಪ್ರತಿಯನ್ನು ಮುದ್ರಿಸಿ, ತಾವೇ ಕಣ್ಣಾರೆ ಕಂಡದ್ದು ಎಂದು ಕೆಳಗೆ ಸಹಿ ಮಾಡಿ ಅವಳಿಗೆ ಕೊಟ್ಟರು. ಅಗೆಯಲು ತಿಂಗಳುಗಳಾಗಬಹುದು, ಆಗದೆಯೂ ಇರಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಕಂಪನಿಯ ಉತ್ತರವೂ ಬಂದಿತ್ತು. ವಿಷಾದವಿದೆ, ಮೂಲ ಚಿತ್ರವನ್ನು ಅಳಿಸದೆ ಕಾಯ್ದಿಡುತ್ತೇವೆ, ಆದರೆ ಸೀನರಿ ಇವತ್ತು ಹೊರಡಲೇಬೇಕು. ಮೂಲ ತೆರೆದದ್ದರಿಂದ ಆ ಚೌಕವನ್ನು ಮೊದಲಿನಿಂದ ಮತ್ತೆ ಪರೀಕ್ಷಿಸಬೇಕು, ನಿಯಮದಂತೆ ಟ್ಯಾಂಕರನ್ನು ಯಂತ್ರ ಒರೆಸುತ್ತದೆ. ಸಣ್ಣ ಸಾಮಾನುಗಳನ್ನು ಎಂದಿನಂತೆ ಪರೀಕ್ಷಕರು ತೀರ್ಮಾನಿಸಬೇಕು.

"ಬೇರೆಯವರ ಕೈಲಿ ಮಾಡಿಸ್ತೀನಿ, ನೀ ಮನಿಗೆ ಹೋಗು," ಅಂದರು ಗವಿಸಿದ್ಧಪ್ಪ.

ರಮಿಜಾ ಬೇಡವೆಂದು ತಲೆಯಾಡಿಸಿ ತನ್ನ ಜಾಗಕ್ಕೆ ಹೋಗಿ ಕೂತು ಹೆಡ್‌ಫೋನ್ ಹಾಕಿಕೊಂಡಳು. ಚೌಕ ತೆರೆದಳು. ಜೂನ್ ಹನ್ನೊಂದು. ಅವಳು ನೋಡುತ್ತಿದ್ದಂತೆಯೇ ಯಂತ್ರ ತನ್ನ ಕೆಲಸ ಮಾಡಿತು. ಉದ್ದನೆಯ ಕಪ್ಪು ಆಕಾರ ಹಿಂದಿನಿಂದ ಮುಂದಕ್ಕೆ ಕರಗುತ್ತ, ಕ್ಯಾಬಿನ್ನಿನವರೆಗೆ ಹೋಗಿ ಮುಗಿಯಿತು. ಮುಂದಿನ ದಿನಾಂಕಗಳಲ್ಲಿದ್ದ ಗಾದಿಯ ಚೌಕವೂ ಹೋಯಿತು. ಬರಿಯ ಮರಳು ಉಳಿಯಿತು, ಅದರ ಮೇಲೆ ಎಂಟು ಚುಕ್ಕೆ. ಹಿಂದಿನಿಂದ ಯಾರೂ ಬರದ ಜಾಗದಲ್ಲಿ, ಬಂದವನು ಗುದ್ದಿಕೊಳ್ಳದಿರಲಿ ಎಂದು ಬಲಕ್ಕೆ ಬಾಗಿ ಹೋದ ಸಾಲು.

ಮೊದಲ ಚುಕ್ಕೆಯ ಮೇಲೆ ಬಾಣ ಇಟ್ಟಳು. ಕೆಳಗೆ ಮೂರು ಗುಂಡಿಗಳು ಮೂಡಿದವು: ಮರಳು, ಕಲ್ಲು, ಕಸ.

ಲಾರಿ ಹೋದ ಮೇಲೆ ಕಲ್ಲು ಉಳಿಯಬಾರದು. ಆದರೆ ಲಾರಿ ಇನ್ನೂ ಹೊರಟಿರಲಿಲ್ಲ.

ರಮಿಜಾ ಕಲ್ಲು ಒತ್ತಿದಳು. ಎರಡನೆಯದಕ್ಕೂ ಕಲ್ಲು. ಎಣ್ಣೆ ಡಬ್ಬಿಗೆ, ಜಾಕಿಗೆ, ಊಟದ ಡಬ್ಬಿಗೆ, ಕೊನೆಯ ಎರಡು ಚಪ್ಪಲಿಗಳಿಗೆ ಕಲ್ಲು. ಹನ್ನೆರಡನೆಯ ತಾರೀಕಿನ ಎಂಟಕ್ಕೂ, ಹದಿಮೂರರ ಎಂಟಕ್ಕೂ, ಸಾಲು ತಪ್ಪಿದ ಹದಿನಾಲ್ಕರ ಎಂಟಕ್ಕೂ. ಆಮೇಲೆ ಹಿಡಿಕೆ ಹಿಡಿದು, ನಿಯಮದಂತೆ ಒಮ್ಮೆ ಚೌಕದ ಮೇಲೆ ಹಾರಿದಳು. ವಿಮಾನದ ನೆರಳು ಮರಳ ಮೇಲೆ ನೇರ ಸಾಲಿನ ಕಡೆಗೆ ಹೋಗುತ್ತಿತ್ತು. ಹತ್ತಿರ ಬಂದಾಗ ಹಿಡಿಕೆಯನ್ನು ಮೆಲ್ಲಗೆ ಬಲಕ್ಕೆ ವಾಲಿಸಿ, ಕಲ್ಲುಗಳನ್ನು ಬಳಸಿಕೊಂಡು ಹೋದಳು.